ರಾಯಗೋಪುರದ ಮುಂದೆ ಬೋರ್ಡು ಬೇಡ

ಮೇಲುಕೋಟೆಯ ರಾಯಗೋಪುರದ ಹತ್ತಿರ ಸೆಲ್ಫಿ ಪಾಯಿಂಟ್ ಮಾಡಿ, ಅಲ್ಲಿ ಶೂಟಿಂಗ್ ಆದ ಸಿನಿಮಾಗಳ ಹೆಸರಿನ ಬೋರ್ಡು ಹಾಕಿದರೆ ಅಭಿಮಾನಿಗಳು ಜಾಸ್ತಿ ಬರುತ್ತಾರೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಖಂಡಿತ ಒಪ್ಪುವುದಿಲ್ಲ. ಅವರು ಬರುವುದೇ ತೆರೆಯ ಮೇಲೆ ಕಂಡ ನೋಟಕ್ಕೆ ಅಲ್ವಾ? ಅರ್ಧಕ್ಕೆ ನಿಂತ ಗೋಪುರ, ಎತ್ತರದ ಕಲ್ಲುಕಂಬ, ನಡುವೆ ಬರೀ ಆಕಾಶ. ಅದರ ಮುಂದೆ ಬಣ್ಣದ ತಗಡು ನಿಲ್ಲಿಸಿದರೆ ಉಳಿಯುವುದೇನು? ಯಾವ ಹಾಡು ಎಲ್ಲಿ ತೆಗೆದರು ಅಂತ ಕೇಳಿದರೆ ಊರಿನವರೇ ಖುಷಿಯಿಂದ ತೋರಿಸುತ್ತಾರೆ. ಅಲ್ಲಿ ಬೇಕಿರುವುದು ಕುಡಿಯುವ ನೀರು, ಶುಚಿಯಾದ ಶೌಚಾಲಯ, ಕಸದ ಡಬ್ಬಿ. ಕಲ್ಯಾಣಿಯ ಮೆಟ್ಟಿಲ ಸಂದಿಯಲ್ಲಿ ಚಿಪ್ಸ್ ಕವರ್ ಸಿಕ್ಕಿಕೊಂಡಿರುವುದನ್ನು, ಕಂಬದ ಮೇಲೆ ಯಾರೋ ತಮ್ಮ ಹೆಸರು ಗೀಚಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೋರ್ಡು ಹಾಕಲೇಬೇಕಿದ್ದರೆ ಶ್ರೀರಂಗಪಟ್ಟಣದ ಹತ್ತಿರದ ಮಹದೇವಪುರದಲ್ಲಿ, ಕಾವೇರಿ ದಡದಲ್ಲಿ ಎಚ್ಚರಿಕೆಯ ಬೋರ್ಡು ಹಾಕಿ. ಸಿನಿಮಾದಲ್ಲಿ ನೋಡಿದ ಹೊಳೆ ಅಂತ ಹುಡುಗರು ರೀಲ್ಸ್ ಮಾಡಲು ಬಂಡೆಯಿಂದ ಬಂಡೆಗೆ ಹಾರುತ್ತಾರೆ. ಮೇಲೆ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹರಿವು ಏರುತ್ತದೆ, ಹೊರಗಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಶೂಟಿಂಗ್ ದಿನ ಕಾಯಲು ಜನ ಇರುತ್ತಾರೆ. ಉಳಿದ ದಿನ ಯಾರೂ ಇರುವುದಿಲ್ಲ. ದಯವಿಟ್ಟು ಮುಂದಿನ ಲೇಖನದಲ್ಲಿ ಇದನ್ನೂ ಬರೆಯಿರಿ.