ಸತ್ಯಾಂಶ: ಒಮರ್ ಖಾದರ್‌ನನ್ನು ಕರೆತರಲು ಕೆನಡಾ ಸುಪ್ರೀಂ ಕೋರ್ಟ್ ಆದೇಶಿಸಿತ್ತೇ?

‘ಅಪ್ರಾಪ್ತ ವಯಸ್ಸಿನಲ್ಲಿ ವಿದೇಶದಲ್ಲಿ ಸೆರೆಯಾದ ಪ್ರಜೆಯನ್ನು ವಾಪಸ್ ಕರೆತರಲೇಬೇಕು ಎಂದು ಕೆನಡಾ ಸುಪ್ರೀಂ ಕೋರ್ಟ್ ಖಾದರ್ ಪ್ರಕರಣದಲ್ಲಿ ಆದೇಶಿಸಿತು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ.

ಟೊರೊಂಟೊದಲ್ಲಿ ಹುಟ್ಟಿದ ಖಾದರ್ 2002ರಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೇನೆಗೆ ಸೆರೆಸಿಕ್ಕಾಗ ವಯಸ್ಸು 15. ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಸೆರೆಮನೆ ಗ್ವಾಂಟನಾಮೊದಲ್ಲಿ ಮೂರು ವಾರ ಕಾಲ ಮೂರು ಗಂಟೆಗೊಮ್ಮೆ ಜಾಗ ಬದಲಿಸಿ ಆ ಹುಡುಗನ ನಿದ್ದೆಗೆಡಿಸಿದ್ದರು. ಅದು ಗೊತ್ತಿದ್ದೂ 2004ರಲ್ಲಿ ಕೆನಡಾದ ಅಧಿಕಾರಿಯೊಬ್ಬರು ಅವನನ್ನು ವಿಚಾರಣೆ ಮಾಡಿದರು. ಓದುವಾಗ ಇವತ್ತಿಗೂ ಸಂಕಟವಾಗುತ್ತದೆ.

ಕರೆತರಲು ಅಮೆರಿಕವನ್ನು ಕೋರಬೇಕು ಎಂದು ಸರ್ಕಾರಕ್ಕೆ ಆದೇಶಿಸಿದ್ದು 2009ರಲ್ಲಿ ಫೆಡರಲ್ ಕೋರ್ಟ್. ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ 2010ರ ಜನವರಿ 29ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಉಳಿಸಲಿಲ್ಲ. ಕೆನಡಾ ಸರ್ಕಾರದಿಂದ ಖಾದರ್‌ನ ಹಕ್ಕು ಉಲ್ಲಂಘನೆಯಾಗಿದೆ ಎಂದು ಒಮ್ಮತದಿಂದ ಘೋಷಿಸಿತು. ಪರಿಹಾರ ಹೇಗೆಂಬುದನ್ನು, ವಿದೇಶಾಂಗ ವ್ಯವಹಾರದ ವಿಷಯವೆಂದು, ಸರ್ಕಾರಕ್ಕೇ ಬಿಟ್ಟಿತು. ಎಲ್ಲ ಬಾಲಬಂಧಿತರಿಗೂ ಅನ್ವಯಿಸುವ ನಿಯಮವನ್ನೇನೂ ಅದು ಹೇಳಲಿಲ್ಲ. ಗೆದ್ದರೂ ಸೆರೆಯಲ್ಲೇ ಉಳಿಯುವ ಗೆಲುವು ಎಂಥದ್ದು ಎಂದು ನನಗನ್ನಿಸುತ್ತದೆ.

2010ರ ಅಕ್ಟೋಬರ್‌ನಲ್ಲಿ ಖಾದರ್ ಅಮೆರಿಕದೊಂದಿಗೆ ತಪ್ಪೊಪ್ಪಿಗೆ ಒಪ್ಪಂದ (ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ಒಪ್ಪಂದ) ಮಾಡಿಕೊಂಡರು. ತಾಯ್ನಾಡಿಗೆ ಬಂದದ್ದು 2012ರ ಸೆಪ್ಟೆಂಬರ್ 29ರಂದು, ಅದೂ ಉಳಿದ ಶಿಕ್ಷೆ ಅನುಭವಿಸುವ ಕೈದಿಯಾಗಿ. 2017ರಲ್ಲಿ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು.