ದುಡ್ಡು ಕೋಕ್‌ನದ್ದು, ನೆನಪು ಪೆಪ್ಸಿಯದ್ದು

1996ರ ವಿಲ್ಸ್ ವಿಶ್ವಕಪ್‌ನ ಅಧಿಕೃತ ತಂಪು ಪಾನೀಯ ಕೋಕಾ-ಕೋಲಾ. ಆದರೆ ಆಗ ಟಿವಿ ಮುಂದೆ ಕೂತಿದ್ದವರನ್ನು ಇವತ್ತು ಕೇಳಿ ನೋಡಿ, ಬಾಯಿಗೆ ಬರುವುದು ಪೆಪ್ಸಿಯ ‘ನಥಿಂಗ್ ಅಫಿಷಿಯಲ್ ಅಬೌಟ್ ಇಟ್’. ಹಕ್ಕು ಕೈತಪ್ಪಿದ್ದನ್ನು ಮುಚ್ಚಿಡದೆ, ಅದನ್ನೇ ಜಂಬದಿಂದ ಹೇಳಿಕೊಂಡ ಜಾಹೀರಾತು ಅದು.

ಎಲ್ಲರೂ ಆ ಸಾಲನ್ನು ಹೊಗಳುತ್ತಾರೆ. ಸಾಲು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ನಿಜವಾದ ಕೆಲಸ ನಡೆದದ್ದು ಮಾತ್ರ ಒಪ್ಪಂದದ ಕಾಗದದ ಮೇಲೆ. ಟೂರ್ನಿಯ ಹೆಸರು, ಲೋಗೊ, ಮೈದಾನದೊಳಗಿನ ಜಾಗ ಸಂಘಟಕರ ಸೊತ್ತು; ಆಟಗಾರನ ಮುಖ ಆಟಗಾರನದ್ದೇ. ಕೋಕ್ ಮೊದಲನೆಯದನ್ನು ಕೊಂಡಿತು. ಸಚಿನ್, ಅಜರ್ ಇದ್ದದ್ದು ಪೆಪ್ಸಿ ಕಡೆ. ಮನೆಯಲ್ಲಿ ಕೂತು ಮ್ಯಾಚ್ ನೋಡುವವನಿಗೆ ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದು ಯಾಕೆ ಬೇಕು? ಸಚಿನ್ ಕೈಯಲ್ಲಿ ಯಾವ ಬಾಟಲಿಯೋ ಅದೇ ವಿಶ್ವಕಪ್ಪಿನ ಬಾಟಲಿ.

ಈ ಕಿಂಡಿಯನ್ನು ಮುಚ್ಚಲು ಐಸಿಸಿ ಆಮೇಲೆ ಹೊರಟಿತು. ಟೂರ್ನಿಯ ಹೊತ್ತಿನಲ್ಲಿ ಅಧಿಕೃತ ಪ್ರಾಯೋಜಕರ ಎದುರಾಳಿಗಳ ಜಾಹೀರಾತಿನಲ್ಲಿ ಆಟಗಾರರು ಕಾಣಿಸಿಕೊಳ್ಳಬಾರದು ಎಂಬ ಷರತ್ತು ಬಂತು. 2002ರಲ್ಲಿ ನಮ್ಮ ಹಿರಿಯ ಆಟಗಾರರು ಅದಕ್ಕೆ ಒಪ್ಪದೆ ದೊಡ್ಡ ರಂಪವೇ ಆಯಿತು. 2003ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ಗೆ ಪೆಪ್ಸಿಯೇ ಅಧಿಕೃತ. ಅಲ್ಲಿ ಕೋಕ್ ಕುಡಿಯುತ್ತಿದ್ದ ಪ್ರೇಕ್ಷಕನೊಬ್ಬನನ್ನು ಸ್ಟೇಡಿಯಂನಿಂದ ಹೊರಹಾಕಿದರು! ‘ಅಫಿಷಿಯಲ್’ ಅನ್ನುವುದನ್ನು ಲೇವಡಿ ಮಾಡಿದ್ದ ಕಂಪನಿಯ ಪರವಾಗಿ ಈ ಕಾವಲು.

ಹೀಗೆ ಅತಿಯಾಗಿ ಕಾಯಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಫುಟ್‌ಬಾಲ್ ವಿಶ್ವಕಪ್‌ನಲ್ಲೂ ಉದಾಹರಣೆ ಇದೆ. 2010ರ ಜೂನ್ 14, ಜೊಹಾನ್ಸ್‌ಬರ್ಗ್, ನೆದರ್‌ಲೆಂಡ್ಸ್–ಡೆನ್ಮಾರ್ಕ್ ಪಂದ್ಯ. ಅಧಿಕೃತ ಬಿಯರ್ ಬಡ್‌ವೈಸರ್. ಗ್ಯಾಲರಿಯಲ್ಲಿ 36 ಹೆಂಗಸರು ಒಂದೇ ಥರದ ಕಿತ್ತಳೆ ಗಿಡ್ಡ ಉಡುಪಿನಲ್ಲಿ. ಡಚ್ ಬಿಯರ್ ಕಂಪನಿ ಬವೇರಿಯಾದ ಉಡುಪು ಅದು, ಆದರೆ ಹೆಸರು ಹತ್ತಿರ ಹೋಗಿ ಹುಡುಕಿದರಷ್ಟೇ ಕಾಣುವ ಪುಟ್ಟ ಲೇಬಲ್‌ನಲ್ಲಿ. ಇದಕ್ಕೆ ಕಾರಣವಿದೆ. 2006ರಲ್ಲಿ ಜರ್ಮನಿಯಲ್ಲಿ ಇದೇ ಕಂಪನಿಯ ಕಿತ್ತಳೆ ಚಡ್ಡಿಯ ಮೇಲೆ ಹೆಸರು ಎದ್ದು ಕಾಣುತ್ತಿತ್ತು. ಗೇಟಿನಲ್ಲೇ ಬಿಚ್ಚಿಸಿದರು, ಡಚ್ ಅಭಿಮಾನಿಗಳು ಒಳಉಡುಪಿನಲ್ಲೇ ಮ್ಯಾಚ್ ನೋಡಿದರು. ಈ ಸಲ ಬಣ್ಣವೇ ಬ್ರ್ಯಾಂಡ್. ಫಿಫಾ ಸುಮ್ಮನಿದ್ದಿದ್ದರೆ ಕ್ಯಾಮೆರಾದಲ್ಲಿ ನಾಲ್ಕು ಕ್ಷಣ ಬಂದು ಹೋಗುತ್ತಿತ್ತು. ಎಲ್ಲರನ್ನೂ ಹೊರಹಾಕಿ, ಇಬ್ಬರ ಮೇಲೆ ಕೇಸು ಹಾಕಿಸಿ, ಬವೇರಿಯಾ ಹೆಸರನ್ನು ಜಗತ್ತಿನ ಪತ್ರಿಕೆಗಳಿಗೆಲ್ಲ ಫಿಫಾವೇ ತಲುಪಿಸಿತು. ಕೇಸು ಆಮೇಲೆ ಬಿದ್ದುಹೋಯಿತು.

ಹಕ್ಕು ಕೊಳ್ಳದೆಯೇ ಟೂರ್ನಿಯ ಪ್ರಚಾರದ ಲಾಭ ಪಡೆಯುವ ಇಂಥ ಜಾಹೀರಾತಿಗೆ ‘ಆಂಬುಶ್’ ಅನ್ನುತ್ತಾರೆ; ನಮ್ಮಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಟ್ರೇಡ್‌ಮಾರ್ಕ್, ಕಾಪಿರೈಟ್ ಕಾಯ್ದೆಗಳಲ್ಲೇ ಹೋರಾಡಬೇಕು. ವಿಶ್ವಕಪ್ ಟಿಕೆಟ್ ಬಹುಮಾನದ ಆಸೆ ತೋರಿಸಿ ಫಿಲಿಪ್ಸ್ ‘ದಿವಾಲಿ ಮನಾವೋ, ವರ್ಲ್ಡ್ ಕಪ್ ಜಾವೋ’ ಅಂದಾಗ ಐಸಿಸಿ ಕಡೆಯವರು ದೆಹಲಿ ಹೈಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟು ತಡೆ ಕೊಡಲಿಲ್ಲ. ಹಾಗಂತ ಈ ತೀರ್ಪನ್ನು ನೆಚ್ಚಿಕೊಂಡು ಟಿವಿ ಅಂಗಡಿಯವರೋ ಹೋಟೆಲಿನವರೋ ಟಿಕೆಟ್ ಬಹುಮಾನ ಇಟ್ಟರೆ ತಾಪತ್ರಯ ತಪ್ಪಿದ್ದಲ್ಲ. ಅನುಮತಿಯಿಲ್ಲದೆ ಬಹುಮಾನವಾಗಿ ಕೊಡಬಾರದು ಎಂದು ಟಿಕೆಟ್‌ನ ಷರತ್ತಿನಲ್ಲೇ ಇರುತ್ತದೆ, ಗೇಟಿನಲ್ಲಿ ರದ್ದಾದರೆ ಗಿರಾಕಿ ಬಂದು ಜಗಳಕ್ಕೆ ನಿಲ್ಲುವುದು ನಿಮ್ಮ ಕೌಂಟರಿನ ಮುಂದೆ. ಪೋಸ್ಟರ್ ಡಿಸೈನ್ ಮಾಡುವ ಹುಡುಗ ನೆಟ್‌ನಿಂದ ಟೂರ್ನಿ ಲೋಗೊ, ಟ್ರೋಫಿ, ಕೊಹ್ಲಿ ಫೋಟೊ ಇಳಿಸಿಕೊಂಡು ಅಂಟಿಸುತ್ತಾನಲ್ಲ, ಅಪಾಯವೆಲ್ಲ ಅಲ್ಲೇ. ಬ್ಯಾಟು, ಚೆಂಡು, ನೀಲಿ ಬಣ್ಣ, ‘ಇಂಡಿಯಾ ಗೆದ್ದ ದಿನ ದೋಸೆಗೆ ರಿಯಾಯಿತಿ’, ಇಷ್ಟರಲ್ಲೇ ಬೇಕಾದಷ್ಟು ಮಾಡಬಹುದು.

ಫಲಿತಾಂಶಕ್ಕೆ ಗಂಟು ಹಾಕಿಕೊಂಡ ಜಾಹೀರಾತಿನ ಕಷ್ಟ ಬೇರೆ. 2015ರ ಸ್ಟಾರ್ ಸ್ಪೋರ್ಟ್ಸ್‌ನ ‘ಮೌಕಾ ಮೌಕಾ’ ಜಾಹೀರಾತಿನಲ್ಲಿ ಪಾಕಿಸ್ತಾನಿ ಅಭಿಮಾನಿಯೊಬ್ಬ ಗೆಲುವಿಗೆಂದು ಇಟ್ಟುಕೊಂಡ ಪಟಾಕಿ 1992ರಿಂದ ಸಿಡಿಯದೇ ಉಳಿದದ್ದು, ವಿಶ್ವಕಪ್‌ನಲ್ಲಿ ಪಾಕಿಸ್ತಾನ ನಮ್ಮನ್ನು ಸೋಲಿಸಿಲ್ಲ ಎಂಬ ದಾಖಲೆಯ ಬಲದಲ್ಲಿ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಟಿ20 ವಿಶ್ವಕಪ್ ಪಂದ್ಯವನ್ನು ಪಾಕಿಸ್ತಾನ 10 ವಿಕೆಟ್‌ನಿಂದ ಗೆದ್ದಿತು. ಪಟಾಕಿ ಆ ಕಡೆ ಸಿಡಿಯಿತು.

ಕೊನೆಗೆ ನಮ್ಮ ನಂದಿನಿ ವಿಷಯ. 2024ರ ಟಿ20 ವಿಶ್ವಕಪ್‌ನಲ್ಲಿ ಕೆಎಂಎಫ್ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ಪಡೆದಾಗ ‘ಹಾಲಿನ ದುಡ್ಡು ಹೊಳೆಗೆ’ ಅಂತ ಬೈದವರಿದ್ದರು. ನನಗೆ ಹಾಗನ್ನಿಸುವುದಿಲ್ಲ, ಅಮುಲ್ 2011ರಲ್ಲೇ ನೆದರ್‌ಲೆಂಡ್ಸ್ ತಂಡದ ಜೊತೆ ಇದೇ ದಾರಿ ಹಿಡಿದಿತ್ತು. ಐಸಿಸಿ ಟೂರ್ನಿಗಳಲ್ಲಿ ಜೆರ್ಸಿಯ ಎದೆಯ ಮೇಲೆ ದೇಶದ ಹೆಸರು, ಪ್ರಾಯೋಜಕರ ಲೋಗೊ ತೋಳಿಗೆ. ಅದೂ ಬ್ಯಾಟಿಂಗ್‌ಗೆ ನಿಂತಾಗ ಬೌಲರ್ ಕಡೆ ಇರುವ ತೋಳು: ಬಲಗೈ ಬ್ಯಾಟರ್‌ಗೆ ಎಡತೋಳು, ಎಡಗೈಯವನಿಗೆ ಬಲತೋಳು. ಬೌಲರ್ ಹಿಂದಿನ ಮುಖ್ಯ ಕ್ಯಾಮೆರಾ ಪ್ರತಿ ಎಸೆತದಲ್ಲೂ ನೋಡುವುದು ಅದನ್ನೇ. ಅಂದರೆ ತಂಡ ಬ್ಯಾಟ್ ಮಾಡಿದಷ್ಟು ಹೊತ್ತೇ ಒಳ್ಳೆಯ ಪ್ರಚಾರ.

ಐರ್ಲೆಂಡ್ ಭಾರತದ ಗುಂಪಿನಲ್ಲಿತ್ತು, ಆಯ್ಕೆ ಜಾಣತನದ್ದೇ. ಆದರೆ ಜೂನ್ 5ರಂದು ನ್ಯೂಯಾರ್ಕ್‌ನಲ್ಲಿ, ಇಡೀ ಭಾರತ ನೋಡುತ್ತಿದ್ದ ಪಂದ್ಯದಲ್ಲಿ, ಐರ್ಲೆಂಡ್ 16 ಓವರಿಗೆ 96ಕ್ಕೆ ಆಲೌಟ್. ಹಿಂದಿನ ದಿನ ಇಂಗ್ಲೆಂಡ್ ವಿರುದ್ಧ ವಿಕೆಟ್ ಕಳೆದುಕೊಳ್ಳದೆ 90 ಹೊಡೆದಿದ್ದ ಸ್ಕಾಟ್ಲೆಂಡಿಗೆ ಮಳೆ ಹತ್ತೇ ಓವರ್ ಬಿಟ್ಟಿತ್ತು. ತೋಳು ಕೊಂಡವರು ಇಂಥದಕ್ಕೆ ತಯಾರಿರಬೇಕು. ಹಕ್ಕಿಗೆ ಎಷ್ಟು ಕೊಟ್ಟಿರೋ ಹೆಚ್ಚುಕಡಿಮೆ ಅಷ್ಟನ್ನೇ ಅದನ್ನು ಜನರಿಗೆ ಮುಟ್ಟಿಸಲು ತೆಗೆದಿಡಬೇಕು ಅನ್ನುವುದು ಈ ಧಂದೆಯ ಹಳೇ ಲೆಕ್ಕ. ದಿನಾ ಬೆಳಿಗ್ಗೆ ಕರ್ನಾಟಕದ ಅಷ್ಟೊಂದು ಮನೆ ಬಾಗಿಲಿಗೆ ಹೋಗುವ ಹಾಲಿನ ಪ್ಯಾಕೆಟ್ಟಿಗಿಂತ ದೊಡ್ಡ ಜಾಹೀರಾತು ಫಲಕ ಕೆಎಂಎಫ್‌ಗೆ ಇನ್ನೆಲ್ಲಿ ಸಿಗಬೇಕು? ಟೂರ್ನಿ ಮುಗಿಯುವವರೆಗೆ ಅದರ ಮೇಲೆ ಎರಡೂ ತಂಡಗಳ ಮುಂದಿನ ಮ್ಯಾಚಿನ ದಿನ, ಸಮಯ ಅಚ್ಚಾಗಬೇಕಿತ್ತು. ಮಳೆ ಬಂದರೂ, ಆಲೌಟ್ ಆದರೂ ಆ ಪ್ರಚಾರ ನಿಲ್ಲುತ್ತಿರಲಿಲ್ಲ.