ಎಂಬತ್ತನಾಲ್ಕರ ಲಾಭ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನವರಿಗೆ ಬರುವ ತಿಂಗಳು 58 ತುಂಬುತ್ತದೆ. ಖಾಸಗಿ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಊರವರ ಲೆಕ್ಕ ತಿದ್ದಿದ ಅವರಿಗೆ ಈಗ ತಮ್ಮದೇ ಲೆಕ್ಕ ಬಗೆಹರಿಯುತ್ತಿಲ್ಲ. 1995ರ ನೌಕರರ ಪಿಂಚಣಿ ಯೋಜನೆ ದಯಪಾಲಿಸಿರುವ ಸ್ವಾತಂತ್ರ್ಯವೇ ಇದಕ್ಕೆ ಕಾರಣ. ಪಿಂಚಣಿಯ ವಯಸ್ಸು 58. ಕೆಲಸ ಬಿಟ್ಟವರು 50ರಿಂದಲೇ ಪಡೆಯಬಹುದು, ಆದರೆ ಅವಸರದ ಪ್ರತಿ ವರ್ಷಕ್ಕೂ ಶೇ. 4 ಕಡಿತ, 60ರವರೆಗೆ ಕಾಯುವವರಿಗೆ ಪ್ರತಿ ವರ್ಷಕ್ಕೂ ಶೇ. 4 ಹೆಚ್ಚಳ.

ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಿದ್ದರು. ಈ ಯೋಜನೆಯಲ್ಲಿ ಬಾಳಿದವನಿಗಷ್ಟೇ ತಾಳಿದ್ದರ ಫಲ.

ಮಾವನ ಪಿಂಚಣಿ ತಿಂಗಳಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. (ತಿಂಗಳ ಸಂಬಳ ಎಷ್ಟೇ ಇದ್ದರೂ ಪಿಂಚಣಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಡಿಯುವುದು 15,000ದವರೆಗೆ ಮಾತ್ರ, ಅದೂ 2014ರ ಸೆಪ್ಟೆಂಬರಿನಿಂದ, ಅದಕ್ಕೂ ಹಿಂದಿನ ಸೇವೆಗೆ 6,500 ಮೀರುವಂತಿಲ್ಲ.) ಒಂದು ವರ್ಷ ಕಾದರೆ 48,000 ಕೈಬಿಡುತ್ತದೆ, ಪ್ರತಿಯಾಗಿ ತಿಂಗಳಿಗೆ 160 ಹೆಚ್ಚು ಸಿಗುತ್ತದೆ. ಬಿಟ್ಟ ಹಣ ಮರಳಲು 300 ತಿಂಗಳು, ಅಂದರೆ 25 ವರ್ಷ ಬೇಕು. ಮೊತ್ತ ನಾಲ್ಕು ಸಾವಿರವಿರಲಿ, ಏಳು ಸಾವಿರವಿರಲಿ, ನೂರಕ್ಕೆ ನಾಲ್ಕರ ಲೆಕ್ಕದಲ್ಲಿ ಈ 25 ಕದಲುವುದಿಲ್ಲ. 59ಕ್ಕೆ ಪಿಂಚಣಿ ಶುರುವಾದರೆ ಅಸಲು ತೀರುವುದು 84ಕ್ಕೆ, ಲಾಭವೇನಿದ್ದರೂ ಆಮೇಲೆ. ಈ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲದಿರುವುದರಿಂದ ಇಂದಿನ 160 ಅಂದೂ 160 ಆಗಿಯೇ ಇರುತ್ತದೆ. ದಿನಕ್ಕೆ ಐದು ರೂಪಾಯಿ ಚಿಲ್ಲರೆ, ಸ್ಟೇಷನ್ ಹೊರಗೆ ಒಂದು ವಡಾಪಾವ್‌ಗೂ ಸಾಲದು.

ಹೀಗೆ ಸರ್ಕಾರ ಕೇಳಿರುವ ಪ್ರಶ್ನೆ ನಿಜಕ್ಕೂ ಒಂದೇ: ತಾವು ಯಾವಾಗ ತೀರಿಕೊಳ್ಳುವಿರಿ? ಅದನ್ನು ನೇರವಾಗಿ ಕೇಳುವುದು ಸಭ್ಯತೆಯಲ್ಲವೆಂದು ಅರ್ಜಿಯಲ್ಲಿ ‘ಆಯ್ಕೆ’ ಎಂದು ಬರೆಯಲಾಗಿದೆ. ಮಾವ ಮೊದಲು ಸಕ್ಕರೆ ಕಾಯಿಲೆಯ ವರದಿ ನೋಡಿದರು, ಬಳಿಕ ಮುಂಬಯಿಯಲ್ಲಿ ದಕ್ಷಿಣದವರ ಕೇರಿಯಾದ ಮಾಟುಂಗದ ಜೋಯಿಸರಲ್ಲಿ ಆಯುರ್ದಾಯ ಕೇಳಿಸಿದರು. ಜೋಯಿಸರು 79 ಎಂದರು. ದಕ್ಷಿಣೆ ಹೆಚ್ಚಿಸಿದರೂ 84ಕ್ಕೆ ಏರಲಿಲ್ಲ. ಪಿಂಚಣಿ ಕಚೇರಿಗಿಂತ ಅವರೇ ಪ್ರಾಮಾಣಿಕರೆಂದು ನನಗೆ ಅನಿಸಿತು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಪ್ಪತ್ತೈದು ವರ್ಷ ಮುಂದಿನ ತನ್ನ ಉಸಿರನ್ನು ಇಂದೇ ಅಂದಾಜು ಮಾಡಬಲ್ಲನೆಂದು ನಂಬಲಾದ ಇದೇ ಮನುಷ್ಯ, ಪಿಂಚಣಿ ಶುರುವಾದ ಮೇಲೆ ತಾನು ಈಗ ಉಸಿರಾಡುತ್ತಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಒಪ್ಪಿಸಬೇಕು; ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪದಿದ್ದರೆ ಮೊಬೈಲಿನ ಮುಂದೆ ಮುಖ ಹಿಡಿದು, ಕಣ್ಣು ಮಿಟುಕಿಸಿ, ಬದುಕಿರುವುದನ್ನು ಸಾಬೀತುಪಡಿಸಬೇಕು.

ಅರ್ಜಿ ಇನ್ನೂ ಮೇಜಿನ ಮೇಲಿದೆ. ನಿನ್ನೆ ಅತ್ತೆ ಅದರ ಮೇಲೆ ಕಾಫಿ ಲೋಟ ಇಡುತ್ತಾ ಹೇಳಿದರು: “ರೀ, ಕಾಯುವುದಾದರೆ ಕಾಯಿರಿ. ಮುನ್ನೂರನೆಯ ಕಂತು ಬಂದ ದಿನ ಮಾಟುಂಗದಿಂದ ಇಡ್ಲಿಯನ್ನೇ ತರಿಸೋಣ, ಅದಕ್ಕೆ ಹಲ್ಲು ಬೇಕಿಲ್ಲ.”